ಬಂಡೆಯ ಜೊತೆ ಚೌಕಾಶಿ

ಮುಂಬೈಯಿಂದ ಬಂದ ತಂಗಿಯ ಮಗಳು ಸವಿತಾಳ ಕೆಲಸ ಏನು ಗೊತ್ತೇ? ನೆಲದಡಿಯ ಬಂಡೆಯೊಳಗೆ ಕಚ್ಚಾತೈಲ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅವಳು ಎಣ್ಣೆಯನ್ನು ಕಣ್ಣಾರೆ ಕಂಡದ್ದು ನಮ್ಮ ಮನೆಯ ಒಗ್ಗರಣೆಯಲ್ಲಿ ಮಾತ್ರ. (ಅವಳ ಕಂಪನಿಗೆ ಅಷ್ಟೇ ಸಾಕಂತೆ.)

ಮನೆಗೆ ಡಾಕ್ಟರ್ ಬಂದರೆ ನಾಡಿ ತೋರಿಸದೆ ಬಿಡುತ್ತೇವೆಯೇ? ಸೋನ್ಯಾಳದ ನನ್ನ ಹೊಲಕ್ಕೆ ಕರೆದೊಯ್ದೆ. ಹೊಸ ಬೋರ್ ಹಾಕಿಸಬೇಕಿತ್ತು. ಜಾಗ ನಾನೇ ನೋಡಿಟ್ಟಿದ್ದೆ: ಪಕ್ಕದ ಹೊಲದ ರಜಾಕಭಾಯಿಯ ಬೋರಿನಿಂದ ಮೂವತ್ತು ಅಡಿ, ಬದುವಿನ ಈಚೆ. ನಮ್ಮ ಜತ್ತ ತಾಲೂಕಿನ ಭೂವಿಜ್ಞಾನ ಇಷ್ಟೇ. ಯಾರಿಗೆ ನೀರು ಬಿತ್ತೋ ಅವರ ಮಗ್ಗುಲಲ್ಲೇ ತೂತು ಹೊಡೆಯುವುದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವನೂ ಮೊದಲು ಪಕ್ಕದವರ ಪಂಪ್ ಎಲ್ಲಿದೆ ಎಂದು ನೋಡಿಯೇ ಕಾಯಿ ಎತ್ತುತ್ತಾನೆ.

ಸವಿತಾ ಹೌಹಾರಿದಳು. ಕೆಳಗೆ ಎರಡೂ ಹೊಲಕ್ಕೆ ನೀರು ಬರುವ ಬಂಡೆಯ ಬಿರುಕು ಒಂದೇ, ನೀವು ಆಳದಿಂದ ಎಳೆದರೆ ಒತ್ತಡ ಕುಸಿದು ಅವರ ನೀರೇ ನಿಮ್ಮ ಕಡೆ ಹರಿಯುತ್ತದೆ, ಅವರ ದಾಳಿಂಬೆ ಈಗ ಹೂವಿನಲ್ಲಿದೆ ಎಂದಳು. ಐನೂರು ಅಡಿ ದೂರ ಹೋಗಿ ಎಂದಳು. ನಾನು ನೂರು ಎಂದೆ.

"ಮಾಮಾ, ಇದು ದನದ ಸಂತಿ ಅಲ್ಲ. ಕಲ್ಲು ಚೌಕಾಶಿಗಿ ಬಗ್ಗಂಗಿಲ್ಲ."

ನಿನ್ನ ಲೆಕ್ಕ ತಪ್ಪಿದರೆ ಏನು ಮಾಡುತ್ತೀ ಎಂದು ಕೇಳಿದೆ. ಪಾಪ, ನಿಜ ಹೇಳಿಬಿಟ್ಟಳು. ಬಾವಿಯಿಂದ ಬಂದ ಎಣ್ಣೆಗೂ ಮಾಡೆಲ್ ಹೇಳಿದ್ದಕ್ಕೂ ತಾಳೆಯಾಗುವವರೆಗೆ ಬಂಡೆಯ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಮಾಡುತ್ತಾರಂತೆ. ಅದಕ್ಕೆ ಹಿಸ್ಟರಿ ಮ್ಯಾಚಿಂಗ್ ಎಂದು ಹೆಸರು. ಇಪ್ಪತ್ತು ವರ್ಷ ನಾನು ಹಳೆ ಮೋಟರು ಮಾರಿದ್ದು ಇದೇ ವಿದ್ಯೆಯಿಂದ. ನನಗೆ ಮಾತ್ರ ಯಾರೂ ಡಿಗ್ರಿ ಕೊಡಲಿಲ್ಲ.

ಮಾತಿನಲ್ಲಿ ಗೆದ್ದೆ. ಮೂವತ್ತು ಅಡಿ ದೂರದಲ್ಲೇ ಬೋರ್ ಇಳಿಸಿದೆ, ರಜಾಕಭಾಯಿಯದ್ದಕ್ಕಿಂತ ನೂರು ಅಡಿ ಆಳಕ್ಕೆ. ಎರಡಿಂಚು ನೀರು ಬಂತು. ಮುಂಬೈಗೆ ಮರಳಿದ್ದ ಸವಿತಾಗೆ ವಿಡಿಯೋ ಕಳಿಸಿದೆ. ಅವಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅವರದು ಹ್ಯಾಂಗ ನಡದೈತಿ?"

ಮೂರನೆಯ ವಾರ ಅವರ ಪಂಪು ನೀರಿನ ಬದಲು ಗಾಳಿ ಕೆಮ್ಮತೊಡಗಿತು. ರಜಾಕಭಾಯಿ ಜಗಳಕ್ಕೆ ಬರುತ್ತಾರೆಂದು ನಾನು ಮಾತು ಜೋಡಿಸಿಟ್ಟುಕೊಂಡೆ. (ಓದುಗರಿಗೊಂದು ಸಲಹೆ: ಇಂಥ ಹೊತ್ತಿನಲ್ಲಿ ಮೊದಲು ಕುರ್ಚಿ ಕೊಡಿ.) ಬಂದರು, ಕುಳಿತರು, ಕೊಟ್ಟ ನೀರನ್ನು ನಿಧಾನವಾಗಿ ಪೂರ್ತಿ ಕುಡಿದರು.

"ಭಾಳ ಚಲೋ ಐತ್ರಿ ನೀರು," ಎಂದರು. "ನಮ್ಮ ಬೋರಿಂದೂ ಹಿಂಗ ಇತ್ತು."

ಖಾಲಿ ಲೋಟ ಮತ್ತೆ ತುಂಬಿಸಿ ಕೊಟ್ಟೆ. ಮರುದಿನವೇ ಬದುವಿನ ಮೇಲೆ ಪೈಪ್ ಎಳೆಸಿ, ದಿನ ಬಿಟ್ಟು ದಿನ ಅವರ ದಾಳಿಂಬೆಗೆ ನೀರು ಬಿಡುತ್ತಿದ್ದೇನೆ. ಹೂವು ಉಳಿದವು.

ಊರೆಲ್ಲ ನನ್ನನ್ನು ಧರ್ಮಾತ್ಮ ಎನ್ನುತ್ತಿದೆ, ಬೇಡ ಎನ್ನಲೇ?