ಕೇಳದೆ ಬಂದ ಮೂರನೆಯ ರೊಟ್ಟಿ

ಮೊನ್ನೆ ಜೇವರ್ಗಿ ಸಂತೆಯಲ್ಲಿ ಬದನೆಕಾಯಿ ಮಾರುವವಳೊಬ್ಬಳು ನಾನು ಕೇಳಿದ ಮೊದಲ ಬೆಲೆಗೇ ಒಪ್ಪಿಬಿಟ್ಟಳು. ‘ಆಯ್ತು ತಗೊಳ್ರಿ’ ಎಂದವಳು ಮುಖ ಕೂಡ ಎತ್ತಲಿಲ್ಲ. ತೂಗಿ ಚೀಲಕ್ಕೆ ಸುರಿದು ಮುಂದಿನ ಗಿರಾಕಿಯ ಕಡೆ ತಿರುಗಿದಳು. ಬದನೆಕಾಯಿ ಎಳೆಯವೇ ಇದ್ದವು, ಅಗ್ಗಕ್ಕೇ ಸಿಕ್ಕಿದ್ದವು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಯಾರೋ ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡ ಹಾಗೆ ಅನಿಸುತ್ತಿತ್ತು.

ನಾನು ಹಳೆಯ ಪಂಪ್‌ಸೆಟ್ಟುಗಳನ್ನು ಕೊಂಡು ಮಾರುವವನು. ನಿಮಗೆ ಪಂಪ್‌ಸೆಟ್ಟಿನ ಗೊಡವೆ ಇಲ್ಲದಿದ್ದರೂ ಒಂದು ಮಾತು ಹೇಳುತ್ತೇನೆ, ಇಟ್ಟುಕೊಂಡಿರಿ. ಎದುರಿನವನು ಮೊದಲ ಮಾತಿಗೇ ಒಪ್ಪಿದನೆಂದರೆ ಎರಡರಲ್ಲಿ ಒಂದು: ಮೋಟಾರಿನ ಒಳಗಿನ ತಂತಿ ಸುಟ್ಟಿರುತ್ತದೆ, ಇಲ್ಲವೇ ಅವನಿಗೆ ನಿಮ್ಮ ಜೊತೆ ಮಾತು ಬೇಡವಾಗಿರುತ್ತದೆ. ತಂತಿಯನ್ನಾದರೆ ಹೊಸದಾಗಿ ಸುತ್ತಿಸಬಹುದು. ಈ ಬುದ್ಧಿ ನನಗೆ ವ್ಯಾಪಾರದಲ್ಲಿ ಬಂದದ್ದಲ್ಲ. ಆಳಂದದ ಒಂದು ಖಾನಾವಳಿಯಲ್ಲಿ, ನಮ್ಮ ಬರವಣಿಗೆ ತರಗತಿ ಮುಗಿದ ವಾರದಲ್ಲಿ ಬಂದದ್ದು.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಳಂದದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಧಾರವಾಡದ ಕಡೆಯಿಂದ ಹೊಸದಾಗಿ ಬಂದ ಕನ್ನಡದ ಸರ್ ಒಬ್ಬರು ಶನಿವಾರ ಮಧ್ಯಾಹ್ನಗಳಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುತ್ತೇನೆ ಎಂದು ಫಲಕದ ಮೇಲೆ ಚೀಟಿ ಅಂಟಿಸಿದರು. ಕತೆ ಕಟ್ಟುವುದಲ್ಲ, ಕವಿತೆಯೂ ಅಲ್ಲ. ಕಂಡದ್ದನ್ನು ಕಂಡ ಹಾಗೆ, ಓದುವವನ ಎದೆಗೆ ತಾಗುವಂತೆ ಬರೆಯುವುದು. ಶುಲ್ಕ ಇಲ್ಲ, ಕೊನೆಗೊಂದು ಪ್ರಮಾಣಪತ್ರ ಉಂಟು. ಪುಕ್ಕಟೆ ಕಲಿಸುತ್ತಾರೆಂದರೆ ಈಜು ಬಾರದವನೂ ಬಾವಿಗೆ ಹಾರುತ್ತಾನೆ. ನಾನೂ ಹಾರಿದೆ. ಹಾರಿದ ಹನ್ನೊಂದು ಜನರಲ್ಲಿ ಕೊನೆಯವರೆಗೆ ಉಳಿದವರು ಆರು.

ಸರ್ ಜೊತೆಗೂ ನನ್ನದು ಚೌಕಾಸಿಯೇ. ‘ನಾಲ್ಕು ಪುಟ ಅಂದೀರಿ ಸರ್, ಮೂರಕ್ಕ ಮುಗಸ್ಲೇನ್ರಿ?’ ಎಂದು ಕೇಳಿದ್ದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, ‘ಮೂರಕ್ಕ ಮುಗಸು. ಆದರ ನಾಲ್ಕನೇದು ಬರದು ಹರದು ಹಾಕು’ ಎಂದರು. ಇದರಲ್ಲಿ ಗೆದ್ದವರು ಯಾರು ಎಂದು ನಾನು ಎರಡು ದಿನ ಲೆಕ್ಕ ಹಾಕಿದ್ದೆ.

ಇನ್ನು ಖಾನಾವಳಿ. ನೀಲಮ್ಮ ಎಂಬುವರು ತಮ್ಮ ಮನೆಯ ಪಡಸಾಲೆಯಲ್ಲೇ ನಡೆಸುತ್ತಿದ್ದರು. ನಾವೆಲ್ಲ ‘ಅಕ್ಕಾರ’ ಎನ್ನುತ್ತಿದ್ದೆವು. ಹಣೆಗೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಜೋಳದ ಹಿಟ್ಟಿನಿಂದ ಮೊಣಕೈವರೆಗೆ ಬೆಳ್ಳಗಾದ ಕೈ. ಒಂದು ಊಟಕ್ಕೆ ಎರಡು ರೊಟ್ಟಿ, ಪಲ್ಯ, ಬೇಳೆ, ಒಂದು ಸೌಟು ಅನ್ನ ಎಂಬುದು ಅಲ್ಲಿಯ ಕಾಯಿದೆ. ಆ ಕಾಯಿದೆಯನ್ನು ಮುರಿಯುವುದೇ ನನ್ನ ದಿನಚರಿ.

‘ಅಕ್ಕಾರ, ನನಗ ಅನ್ನ ಬ್ಯಾಡ್ರಿ. ಅದರ ಬದಲಿ ಒಂದು ರೊಟ್ಟಿ ಹಾಕ್ರಿ.’

‘ಅನ್ನ ಬಿಟ್ರ ಅರ್ಧ ರೊಟ್ಟಿ.’

‘ಅರ್ಧ ರೊಟ್ಟಿ ಬಡಿಯಾಕ ಬರತದೇನ್ರಿ?’

‘ಮುರದು ಕೊಡಾಕ ಬರತದಲ್ಲ. ಇನ್ನರ್ಧ ನಿನ್ನ ಬಾಯಿಗಿ ದಂಡ. ಲೇ, ನಿನ್ನ ಮಾತು ಕೇಳಿ ಕೇಳಿ ನನ್ನ ಹಂಚು ಆರಿತು!’

‘ಹಂಗಾರ ಉಪ್ಪಿನಕಾಯೂ ಬಿಡ್ತೇನಿ. ಇಡೀದು ಹಾಕ್ರಿ.’

‘ಉಪ್ಪಿನಕಾಯಿ ನಿನ್ನೇನೂ ಬಿಟ್ಟಿದ್ದಿ, ಆಮ್ಯಾಲ ಮಹಾಂತನ ತಾಟಿನಾಗಿಂದ ತಿಂದಿ. ನಾ ನೋಡಿಲ್ಲ ಅಂತ ತಿಳಿದೇನು?’

ಮಹಾಂತ ಹತ್ತಿರದ ಜಿಡಗಾ ಊರಿನವನು, ನನ್ನ ಪಕ್ಕದ ತಾಟಿನ ಗೆಳೆಯ. ಇಡೀ ಪಡಸಾಲೆ ನಗುತ್ತಿತ್ತು. ಕೊನೆಗೆ ಮೂರನೆಯ ರೊಟ್ಟಿ ಬರುತ್ತಿತ್ತು, ಬಿಸಿಯಾಗಿ, ತುಸು ಬಿರುಸಾಗಿಯೇ ತಾಟಿಗೆ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ಹೊಟ್ಟೆ ಎರಡಕ್ಕೇ ತುಂಬುತ್ತಿತ್ತು.

ತರಗತಿ ಮುಗಿಯುವ ತಿಂಗಳು ಸರ್ ಒಂದು ಷರತ್ತು ಹಾಕಿದರು. ಕೊನೆಯ ಪ್ರಬಂಧ ಬದುಕಿರುವ ಒಬ್ಬರ ಬಗ್ಗೆ ಇರಬೇಕು. ಬರೆದದ್ದನ್ನು ಅವರ ಎದುರು ಕೂತು ಪೂರಾ ಓದಬೇಕು. ಕೇಳಿ ಅವರು ಒಪ್ಪಿದರೆ ಕೆಳಗೆ ಸಹಿ ಹಾಕುತ್ತಾರೆ. ಸಹಿ ಇದ್ದದ್ದು ಮಾತ್ರ ಕಾಲೇಜಿನ ಗೋಡೆಪತ್ರಿಕೆಗೆ ಏರುತ್ತದೆ.

ನಾನು ನೀಲಮ್ಮ ಅಕ್ಕಾರ ಬಗ್ಗೆ ಬರೆದೆ. ಒಲೆಯ ಬಗ್ಗೆ, ರೊಟ್ಟಿ ಬಡಿಯುವ ಸದ್ದಿನ ಬಗ್ಗೆ, ಎಲ್ಲರೂ ಉಂಡ ಮೇಲೆ ಅವರು ಗೋಡೆಗೆ ಮುಖ ಮಾಡಿ ಉಣ್ಣುವುದರ ಬಗ್ಗೆ. ಮೂರು ಪುಟ ಸಲೀಸಾಗಿ ಆಯಿತು. ನಾಲ್ಕನೆಯ ಪುಟಕ್ಕೆ ಸರಕು ಬೇಕಿತ್ತು. ಅದೂ ನನ್ನ ಹತ್ತಿರ ಇತ್ತು. ಅಕ್ಕಾರಿಗೆ ತಮ್ಮ ಹೆಸರು ಬರೆಯಲಷ್ಟೇ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಒಂದು ಕಾಗದ ಬಂದಾಗ, ಅಷ್ಟೂ ಗಿರಾಕಿಗಳಲ್ಲಿ ನನ್ನೊಬ್ಬನನ್ನು ಒಳಗೆ ಕರೆದು ಓದಿಸಿಕೊಂಡಿದ್ದರು. ಅದರಲ್ಲಿ ಅವರ ಮನೆಯ ಒಂದು ಮಾತು ಇತ್ತು, ಊರಿಗೆ ಗೊತ್ತಿಲ್ಲದ ಮಾತು. ಅದನ್ನು ನಾಲ್ಕನೆಯ ಪುಟಕ್ಕೆ ಇಳಿಸಿದೆ. ಇಳಿಸಿದ ಕೂಡಲೇ ಪ್ರಬಂಧಕ್ಕೆ ಜೀವ ಬಂದಿತು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ.

ಓದಿ ಹೇಳುವುದು ಹೇಗೆ? ಓದಿದರೆ ಸಹಿ ಸಿಗುವುದಿಲ್ಲ. ನಾನು ವ್ಯವಹಾರಸ್ಥ. ಮಧ್ಯಾಹ್ನದ ಗದ್ದಲದಲ್ಲಿ, ಅವರ ಎರಡೂ ಕೈ ಹಿಟ್ಟಿನಲ್ಲಿದ್ದ ಹೊತ್ತು ನೋಡಿ ಕಾಗದ ಮುಂದೆ ಹಿಡಿದೆ.

‘ಅಕ್ಕಾರ, ಇಲ್ಲೊಂದು ಸಹಿ ಹಾಕ್ರಿ. ಕಾಲೇಜಿಂದು.’

‘ಏನಂತ ಬರದಿ?’

‘ನಿಮ್ಮ ರೊಟ್ಟಿ ಬಗ್ಗೆ ಬರದೇನ್ರಿ.’

ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಒಂದೊಂದೇ ಅಕ್ಷರಕ್ಕೆ ನಾಲಿಗೆ ಹೊರಗೆ ಚಾಚಿ, ಮೂರು ಅಕ್ಷರ ಬರೆದರು. ‘ತೆಳ್ಳಗ ಇರ್ತಾವ ಅಂತ ಬರಿ, ಮತ್ತ. ಆ ಮಹಾಂತ ದಪ್ಪ ಅಂತಾನ’ ಎಂದರು.

ಸೋಮವಾರ ಗೋಡೆಪತ್ರಿಕೆ ಗಾಜಿನ ಪೆಟ್ಟಿಗೆಯೊಳಗೆ ಏರಿತು. ರಾತ್ರಿ ಊಟಕ್ಕೆ ಕೂತಾಗ ಮಹಾಂತ, ಪಾಪ, ಏನೂ ತಿಳಿಯದೆ ಕೂಗಿದ: ‘ಅಕ್ಕಾರ, ಗ್ವಾಡಿ ಮ್ಯಾಲ ಬಂದೀರಿ ನೀವು! ಇವ ಏನ್ ಬರದಾನ್ರಿ! ಆ ಕಾಗದದ ಮಾತು ಓದಿ ನಮ್ಮ ಸರ್ ಕಣ್ಣಾಗ ನೀರು ಬಂತು.’ ಅಷ್ಟಕ್ಕೇ ಬಿಡಲಿಲ್ಲ. ಆ ಮಾತು ಏನೆಂದು ಪೂರಾ ಹೇಳಿದ. ಹನ್ನೆರಡು ಜನ ಉಣ್ಣುತ್ತಿದ್ದರು. ಅಕ್ಕಾರು ತಿರುಗಿ ನೋಡಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಲ್ಲಲೂ ಇಲ್ಲ.

ಮರುದಿನ ಮಧ್ಯಾಹ್ನ ಎಂದಿನಂತೆ ‘ಅಕ್ಕಾರ, ಅನ್ನ ಬ್ಯಾಡ...’ ಎಂದು ಶುರು ಮಾಡಿದೆ. ಮಾತು ಮುಗಿಯುವ ಮೊದಲೇ ಮೂರು ರೊಟ್ಟಿ ಒಟ್ಟಿಗೆ ತಾಟಿಗೆ ಬಂದವು. ಮೇಲೆ ಶೇಂಗಾ ಚಟ್ನಿ, ಬದಿಯಲ್ಲಿ ಮೊಸರು, ಅನ್ನವೂ ಬಂತು. ಬೈಗುಳ ಮಾತ್ರ ಬರಲಿಲ್ಲ. ಬುಧವಾರ ಹಾಗೆಯೇ, ಗುರುವಾರವೂ. ನಾಲ್ಕನೇದು ಬೇಕು ಎಂದು ಸುಮ್ಮನೆ ಕೆಣಕಿದೆ, ನಾಲ್ಕನೆಯದೂ ಬಂತು. ನಾನು ಕೇಳಿದ್ದೆಲ್ಲ ಕೊಡುತ್ತಿದ್ದರು, ಯಾರೋ ದಾರಿಹೋಕನಿಗೆ ಕೊಟ್ಟ ಹಾಗೆ. ಉಣ್ಣಲಾಗದೆ ಮಿಕ್ಕ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೋಣೆಗೆ ಒಯ್ದೆ. ಅಲ್ಲಿ ಅವು ಒಣಗಿ ಹಲಗೆಯಾದವು.

ಶನಿವಾರ ಕೊನೆಯ ತರಗತಿ. ಸರ್ ತಮ್ಮ ದುಡ್ಡಿನಿಂದಲೇ ಅವಲಕ್ಕಿ ಚೂಡಾ, ಬಾಳೆಹಣ್ಣು, ಚಹ ತರಿಸಿದ್ದರು. ಒಬ್ಬೊಬ್ಬರನ್ನೂ ನಿಲ್ಲಿಸಿ, ‘ನೀ ಓದಿದಾಗ ಅವರು ಏನಂದ್ರು?’ ಎಂದು ಕೇಳಿದರು. ಒಬ್ಬನ ಅಜ್ಜ ನಿದ್ದೆ ಹೋಗಿದ್ದನಂತೆ. ಇನ್ನೊಬ್ಬಳ ಅತ್ತಿಗೆ ‘ನನ್ನ ಸೀರಿ ಬಣ್ಣ ತಪ್ಪು ಬರದಿ’ ಎಂದು ಜಗಳ ತೆಗೆದಿದ್ದಳಂತೆ. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ, ‘ಏನೂ ಅನ್ನಲಿಲ್ಲ ಸರ್. ಸುಮ್ಮನ ಅತ್ರು’ ಎಂದೆ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ‘ಛಲೋ ಬರದಿ’ ಎಂದು ಪ್ರಮಾಣಪತ್ರ ಕೊಟ್ಟರು. ಕೈ ಕುಲುಕಿದರು. ಅಲ್ಲಿಗೆ ತರಗತಿ ಮುಗಿಯಿತು. ಉಳಿದ ಐವರು ಫೋಟೋ ತೆಗೆಸಿಕೊಳ್ಳುವ ಮಾತಾಡುತ್ತ ಹೊರಗೆ ಹೋದರು. ನಾನು ಹಿಂದುಳಿದು ಗಾಜಿನ ಪೆಟ್ಟಿಗೆ ತೆರೆದು ನನ್ನ ನಾಲ್ಕು ಹಾಳೆಗಳನ್ನು ಕಿತ್ತುಕೊಂಡೆ.

ಅಕ್ಕಾರು ಒಬ್ಬರೇ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು. ‘ಓದಿ ಹೇಳ್ತೇನ್ರಿ’ ಎಂದೆ. ಬೇಡ ಎನ್ನಲಿಲ್ಲ. ಪೂರಾ ಓದಿದೆ. ನಾಲ್ಕನೆಯ ಪುಟವನ್ನೂ ಬಿಡಲಿಲ್ಲ. ಅವರು ಬೇಳೆಯಿಂದ ಕಣ್ಣು ತೆಗೆಯಲಿಲ್ಲ.

‘ಮುಗೀತೇನು?’

‘ಮುಗೀತ್ರಿ.’

‘ಇದರಾಗ ನನ್ನ ಒಲಿ ಅದ, ನನ್ನ ರೊಟ್ಟಿ ಅದ, ನನ್ನ ಮನಿ ಕಾಗದ ಅದ. ನೀ ಎಲ್ಲಿದ್ದಿ?’

‘ನಾ ಬರದಾಂವ್ರಿ, ಅಕ್ಕಾರ.’

‘ಬರದಾಂವ ಬಾಗಲಾ ಹೊರಗ ನಿಂತು ಒಳಗ ಇಣಕತಾನೇನು?’ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದರು. ‘ಎರಡು ವರ್ಷ ಪಂಚಮಿ ಆದ ಮ್ಯಾಲ ಉಂಡಿ ತಂದು ಕೊಟ್ಟಿ, ನಿಮ್ಮವ್ವ ಕಟ್ಟ್ಯಾಳ ಅಂತ. ಮನ್ಯಾಗ ಕಟ್ಟಿದ ಉಂಡಿ ಒಂದು ದೊಡ್ಡದು ಒಂದು ಸಣ್ಣದು ಇರ್ತಾವ ತಮ್ಮಾ. ಪಾಕ ಆರಾಕತ್ತಂಗ ಕೈ ಅವಸರ ಮಾಡ್ತದ. ನೀ ತಂದುವು ಎಲ್ಲಾ ಒಂದ ಅಳತಿ. ಮೊದಲನೇ ವರ್ಷನ ನನಗ ತಿಳೀತು. ಯಾರ ಮುಂದರ ಅಂದೇನೇನು?’

ಓದುಗರೇ, ಇಲ್ಲಿ ನಾನು ನಿಮಗೂ ಒಂದು ಮಾತು ಹೇಳದೆ ಉಳಿಸಿಕೊಂಡಿದ್ದೇನೆ. ಅಂದೋಲಾದಲ್ಲಿ ನಮ್ಮದು ತುಂಬಿದ ಮನೆ ಎಂದು ಆಳಂದದಲ್ಲಿ ಎಲ್ಲರಿಗೂ ಹೇಳಿದ್ದೆ. ಅಂದೋಲಾದಲ್ಲಿ ನಾನು ಹುಟ್ಟಿದ್ದು ನಿಜ. ಅವ್ವ ನನಗೆ ಬುದ್ಧಿ ತಿಳಿಯುವ ಮೊದಲೇ ಹೋದಳು, ಅಪ್ಪ ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು. ಮಠದಲ್ಲಿ ಉಂಡು, ಅವರಿವರ ಅಂಗಡಿಯಲ್ಲಿ ದುಡಿದು ಓದಿದವನು ನಾನು. ನಾಗರ ಪಂಚಮಿಗೆ ಗೆಳೆಯರೆಲ್ಲ ಊರಿಗೆ ಹೊರಟಾಗ ನಾನೂ ಚೀಲ ಹಿಡಿದು ಅವರ ಕಣ್ಣೆದುರೇ ಬಸ್ಸು ಹತ್ತುತ್ತಿದ್ದೆ. ಗುಲ್ಬರ್ಗಾದಲ್ಲಿ ಇಳಿದು, ಪರಿಚಯದವರು ಸಿಗದ ಊರೆಂದು ಅಫಜಲಪುರದ ಬಸ್ಸು ಹಿಡಿಯುತ್ತಿದ್ದೆ. ಅಲ್ಲಿ ಒಂದು ಛತ್ರದಲ್ಲಿ ಎರಡು ದಿನ ಮಲಗಿ, ಮಿಠಾಯಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಉಂಡಿ ಕೊಂಡು, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ತರುತ್ತಿದ್ದೆ. ಸೀರೆಯ ತುಂಡನ್ನೂ ಕೊಂಡದ್ದೇ. ‘ನಿಮ್ಮವ್ವನ ಕೈ ಛಲೋ ಅದ’ ಎಂದು ಅಕ್ಕಾರು ಎಲ್ಲರ ಮುಂದೆ ಹೇಳುತ್ತಿದ್ದರು. ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ.

ಅವತ್ತು ಪಡಸಾಲೆಯಲ್ಲಿ ನಾನು ಆ ನಾಲ್ಕು ಹಾಳೆಗಳನ್ನು ಮಡಚಿ ಜೇಬಿಗೆ ಇಟ್ಟುಕೊಂಡೆ. ತಪ್ಪಾಯಿತು ಎನ್ನಲಿಲ್ಲ. ಅಕ್ಕಾರು ಮೊರವನ್ನು ಒಮ್ಮೆ ಕೇರಿ, ‘ಊಟ ತಿಂಗಳ ಮುಗಿಯೂ ತನ ಅದ ನಿಂದು. ಬಂದು ಉಣ್ಣು’ ಎಂದು ಒಳಗೆ ಎದ್ದು ಹೋದರು. ಪರೀಕ್ಷೆ ಮುಗಿಯುವವರೆಗೂ ಉಂಡೆ. ತಾಟಿಗೆ ಮೂರು ರೊಟ್ಟಿ ತಪ್ಪಲಿಲ್ಲ. ಹೊರಡುವ ದಿನ ನಮಸ್ಕಾರ ಮಾಡಿದೆ. ‘ಹೂಂ’ ಎಂದರು. ಮತ್ತೆ ನಾನು ಆ ಓಣಿಗೆ ಕಾಲಿಡಲಿಲ್ಲ. ವ್ಯಾಪಾರಕ್ಕೆಂದು ಎಷ್ಟೋ ಸಲ ಆಳಂದಕ್ಕೆ ಹೋದೆ. ಬಸ್‌ ನಿಲ್ದಾಣದಿಂದ ಸುತ್ತು ಹಾಕಿ ಬೇರೆ ದಾರಿ ಹಿಡಿಯುತ್ತಿದ್ದೆ. ಈಗ ಅವರು ಇದ್ದಾರೋ ಇಲ್ಲವೋ ತಿಳಿಯದು. ತಿಳಿದುಕೊಳ್ಳುವುದು ಕಷ್ಟವಿರಲಿಲ್ಲ.

ಆ ಕಾಗದದ ಮಾತು ಏನು ಎಂದು ನೀವು ಕೇಳಬಹುದು. ಕೇಳಬೇಡಿ, ಈ ಒಂದು ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಅದರ ಬದಲಿಗೆ ನನ್ನದನ್ನು ಹೇಳಿದ್ದೇನೆ. ಸಾಲದು, ಗೊತ್ತು.

ಮದುವೆಯ ಮಾತು ನನಗೆ ಯಾಕೋ ಕುದುರಲಿಲ್ಲ. ಜೇವರ್ಗಿಯಲ್ಲಿ ಒಬ್ಬನೇ ಇದ್ದೇನೆ. ಇಲ್ಲಿಂದ ಅಂದೋಲಾ ಅಷ್ಟೇನೂ ದೂರವಲ್ಲ. ಆದರೂ ಪ್ರತಿ ಪಂಚಮಿಗೆ ‘ಊರಾಗ ದೊಡ್ಡ ಮನಿ, ಬಿಡಂಗಿಲ್ರಿ’ ಎಂದು ಓಣಿಗೆ ಹೇಳಿ, ಬಾಗಿಲಿಗೆ ಬೀಗ ಹಾಕಿ, ಎಲ್ಲಾದರೂ ಎರಡು ದಿನ ಕಳೆದು ಬರುವುದು ನಡೆದೇ ಇತ್ತು. ಬದನೆಕಾಯಿ ತಂದ ಮರುದಿನ ಪಕ್ಕದ ಮನೆಯ ಕಸ್ತೂರಿಬಾಯಿ ಕಟ್ಟೆಯ ಮೇಲಿಂದ ಕೇಳಿದಳು:

‘ಪಂಚಮಿಗಿ ಊರಿಗಿ ಹೊಂಟೀರೇನ್ರಿ, ಅಣ್ಣಾರ?’

‘ಇಲ್ಲವ್ವ. ಊರಾಗ ನನಗ ಯಾರೂ ಇಲ್ಲ. ಮೊದಲೂ ಇರಲಿಲ್ಲ’ ಎಂದೆ. ಮೂವತ್ತು ವರ್ಷದ ಸರಕನ್ನು ಕೆಳಗಿಳಿಸಿದವನಂತೆ ಬಾಗಿಲಿಗೆ ಒರಗಿ ನಿಂತೆ.

ಅವಳು ಬಟ್ಟೆ ಒಣಹಾಕುತ್ತಲೇ, ‘ಗೊತ್ತದಲ್ರಿ’ ಎಂದಳು. ‘ನಮ್ಮತ್ತಿ ತವರುಮನಿ ಅಂದೋಲಾನ ಅದ. ಓಣಿಗೆಲ್ಲಾ ಗೊತ್ತದ. ನಿಮಗ್ಯಾಕ ಬ್ಯಾಸರಾ ಅಂತ ಯಾರೂ ಅನ್ನಂಗಿಲ್ಲ.’ ಆಮೇಲೆ ಏನೋ ನೆನಪಾದವಳಂತೆ ತಿರುಗಿದಳು: ‘ಇಲ್ಲೇ ಇರ್ತೀರಿ ಅಂದ್ರ, ಎರಡು ದಿನ ನಮ್ಮ ಎಮ್ಮಿಗಿ ನೀರು ಕುಡಸ್ರಿ. ನಾವೆಲ್ಲಾ ನನ್ನ ತವರೂರು ಕಿಣ್ಣಿ ಸುಲ್ತಾನಕ್ಕ ಹೊಂಟೇವಿ.’

ಇವತ್ತು ಪಂಚಮಿ. ಓಣಿಯ ಬಾಗಿಲುಗಳಿಗೆಲ್ಲ ಬೀಗ. ಬೆಳಿಗ್ಗೆ ಎರಡು ಬಕೆಟ್ ನೀರು ಹೊತ್ತು ಅವರ ಹಿತ್ತಲಿಗೆ ಹೋದೆ. ಎಮ್ಮೆ ನನ್ನನ್ನು ನೋಡಿ ಹಗ್ಗ ಜಗ್ಗಿ ಹಿಂದೆ ಸರಿಯಿತು, ನೀರಿಗೆ ಬಾಯಿ ಹಾಕಲಿಲ್ಲ. ನಾನು ಬಕೆಟ್ ಕೆಳಗಿಟ್ಟು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಬಿಸಿಲು ಗೋಡೆಯಿಂದ ಇಳಿದು ನನ್ನ ಕಾಲಿಗೆ ಬರುವ ಹೊತ್ತಿಗೆ ಅದು ನಿಧಾನವಾಗಿ ಮುಂದೆ ಬಂತು. ಕುಡಿದು ಮುಗಿಸುವವರೆಗೂ ನಾನು ಕಲ್ಲಿನಿಂದ ಏಳಲಿಲ್ಲ.