ಸಿಂದಿ ಕುಡಿಯದವನ ಸಿಂದಿ ನೆನಪು

ಕಳೆದ ವಾರ ನನ್ನ ಹೆಂಡತಿ ಒಂದು ತುತ್ತು ಡಬಲ್ ರೊಟ್ಟಿಯನ್ನು ಬಾಯಿಗಿಟ್ಟು, ಮರುಕ್ಷಣವೇ ಸೆರಗಿಗೆ ಉಗುಳಿದಳು.

ಮೂರು ವಾರ ವಿಷಮಜ್ವರದಲ್ಲಿ ಮಲಗಿ ಎದ್ದವಳು. ಜ್ವರ ಬಿಟ್ಟಿದೆ, ನಾಲಿಗೆ ಕೆಟ್ಟಿದೆ. ಗಂಜಿ ಬೇಡ, ಹಾಲು ಬೇಡ, ಹಣ್ಣೂ ಬೇಡ. ಕೈಯೆತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತವೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಮಾಸ್ತರ್ರ, ಹೊಟ್ಟಿಗೆ ಏನರ ಹೋಗಬೇಕ್ರಿ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು.

ಅವಳು ತಾನಾಗಿ ಕೇಳಿದ್ದು ಒಂದೇ ಒಂದು.

"ಸವಣೂರ ಡಬಲ್ ರೊಟ್ಟಿ ತರ್ರಿ. ಹಾಲಾಗ ಅದ್ದಿಕೊಂಡು ತಿಂತೇನಿ."

ಶಿಗ್ಗಾವಿಯ ನಮ್ಮಂಥವರ ಮನೆಗೆ ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ಬರುವುದೇ ಯಾರಾದರೂ ಜಡ್ಡು ಬಿದ್ದಾಗ. (ಸುಮ್ಮನೆ ಆಸೆಗೆಂದು ತಂದರೂ ಓಣಿಯವರು "ಯಾರಿಗೆ ಆರಾಮಿಲ್ರಿ?" ಎಂದು ವಿಚಾರಿಸಿಕೊಂಡು ಬರುತ್ತಾರೆ.) ಸಂತೆಯ ದಿನ ರೊಟ್ಟಿ ಸುಡುವ ಖಾದರಸಾಬರ ತಗಡಿನ ಪೆಟ್ಟಿಗೆ ಸವಣೂರಿನಿಂದ ಬರುತ್ತದೆ. ಓಡಿ ಹೋಗಿ ತಂದೆ. ಅವಳು ಉಗುಳಿದಳು.

"ಇದು ಅದಲ್ಲರಿ" ಎಂದಳು.

ನಾನೂ ಒಂದು ತುಂಡು ಮುರಿದು ತಿಂದೆ. ನಿಜ, ಅದಲ್ಲ. ಆ ತೆಳು ಹುಳಿ, ಅದರ ಹಿಂದೆಯೇ ಬರುವ ಸಿಹಿ, ಮೂಗಿಗೇರುವ ಆ ವಾಸನೆ ಯಾವುದೂ ಇಲ್ಲ. ಹತ್ತಿ ತಿಂದ ಹಾಗಿತ್ತು. ಮರುದಿನವೇ ಮೋಟಾರು ಹತ್ತಿ ಸವಣೂರಿಗೆ ಹೋದೆ, ಜಗಳಕ್ಕೆ.

ಖಾದರಸಾಬರು ಭಟ್ಟಿಯ ಮುಂದೆ ಕೂತಿದ್ದರು. ಹಿಟ್ಟು ಕೆಟ್ಟಿತೋ, ಇಲ್ಲ ಕೈ ಸೋತಿತೋ ಎಂದು ಕೇಳಿದೆ.

"ಹಿಟ್ಟೂ ಅದ ಹಿಟ್ಟು, ಕೈಯೂ ಅದ ಕೈ ಐತ್ರಿ ಮಾಸ್ತರ್ರ. ಸಿಂದಿ ಎಲ್ಲಿಂದ ತರ್ಲಿ?"

"ರೊಟ್ಟಿಗೆ ಸಿಂದಿ ಯಾಕ?"

ಒಂದನೇ ಇಯತ್ತೆಯ ಹುಡುಗನನ್ನು ನಾನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. "ಮತ್ತ ಅದು ಉಬ್ಬೂದು ಯಾತರಿಂದ್ರಿ? ಈಚಲ ಗಿಡದಿಂದ ಇಳಿಸಿದ ಮುಂಜಾನಿ ಸಿಂದಿ ಹಾಕಿ ಹಿಟ್ಟು ನಾದತಿದ್ದೆ. ಪಾನನಿರೋಧ ಬಂತು, ಸಿಂದಿ ಹೋತು. ಈಗ ಸೋಡಾ ಹಾಕಾಕತ್ತೇನಿ. ಉಬ್ಬತೈತಿ, ಆದ್ರ ರುಚಿ ಎಲ್ಲೈತಿ?"

ನಾನು ಅಲ್ಲೇ ಇದ್ದ ಕಟ್ಟೆಯ ಮೇಲೆ ಕೂತುಬಿಟ್ಟೆ.

ಪ್ರತಿ ವಾರ ಓದುವ ನಿಮಗೆ ನಾನು ಎಂಥವನೆಂದು ಗೊತ್ತು. ಖಾದಿ ತೊಟ್ಟವನು. ಮೂವತ್ತರ ಚಳವಳಿಯಲ್ಲಿ ಶಿಗ್ಗಾವಿಯ ಸಿಂದಿ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡಿದವನು. ಒಂದು ಹನಿ ಕುಡಿದಿಲ್ಲ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಎದೆ ತಟ್ಟಿಕೊಂಡಿದ್ದೇನೆ! ಆದರೆ ಪಿಕೆಟಿಂಗ್ ದಿನಗಳಲ್ಲಿ ನಮಗೆ ಊಟ ಏನಿತ್ತು? ಖಾದರಸಾಬರು ಪುಕ್ಕಟೆ ಕಳಿಸುತ್ತಿದ್ದ ಡಬಲ್ ರೊಟ್ಟಿ, ಚಹಾ. ಅದನ್ನು ತಿಂದೇ "ಸಿಂದಿ ಬಿಡಿರಿ" ಎಂದು ಕೂಗುತ್ತಿದ್ದೆವು. ಆ ರುಚಿ ಸವಣೂರಿನ ನೀರಿನ ಗುಣ ಎಂದು ಗೆಳೆಯರಿಗೆ ಭಾಷಣ ಬೇರೆ ಬಿಗಿದಿದ್ದೆ.

ಖಾದರಸಾಬರು ಐದು ಹೊತ್ತು ನಮಾಜು ಮಾಡುವವರು. ಅವರೂ ಕುಡಿದವರಲ್ಲ. "ನಾಲಿಗಿ ಮ್ಯಾಲ ಇಟ್ಟಿಲ್ರಿ, ಬರೇ ಮೂಗಿನಿಂದ ಗೊತ್ತು" ಎಂದು ಶುರು ಮಾಡಿದರು. ಹಾನಗಲ್ಲ ಕಡೆಯ ಗಿಡಗಳು ಗದ್ದೆಯ ನೀರು ಕುಡಿದವು, ಅವುಗಳ ಸಿಂದಿ ತೆಳ್ಳಗಿತ್ತಂತೆ. ಹಿರೇಕೆರೂರು ಕಡೆಯದು ಒಣನೆಲದ್ದು, ಖಡಕ್. ಅಬಲೂರಿನ ಗಡಿಗೆ ಮಧ್ಯಾಹ್ನದೊಳಗೆ ಮುಚ್ಚಳ ಎತ್ತಿ ಒಗೆಯುತ್ತಿತ್ತಂತೆ. "ಆದ್ರ ದುಂಡಸಿ ಹಳ್ಳದ ಸಿಂದಿ ಇತ್ತಲ್ರಿ, ಕ್ಯಾ ಬಾತ್! ನೊರಿ ನೋಡಿದ್ರ ಹಾಲು. ನನ್ನ ರೊಟ್ಟಿ ಅಂದ್ರ ಅದ ಆಗಿತ್ತು."

ಕುಡಿಯದ ಇಬ್ಬರು ಮುದುಕರು ಹಾಡಹಗಲು ಬಜಾರದಲ್ಲಿ ಕೂತು ಸಿಂದಿಗಾಗಿ ನಿಟ್ಟುಸಿರು ಬಿಡುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ದುಂಡಸಿ ಎಂದೊಡನೆ ನಾನು ನನ್ನ ಅಂಗೈ ನೋಡಿಕೊಂಡೆ. ಅದೇ ಚಳವಳಿಯಲ್ಲಿ ಆ ಹಳ್ಳದ ದಂಡೆಯ ಈಚಲು ಸಾಲನ್ನು ಕಡಿದ ತಂಡದಲ್ಲಿ ನಾನಿದ್ದೆ. ಕೊಡಲಿ ಹಿಡಿದು ಗೊತ್ತಿಲ್ಲದ ಮಾಸ್ತರ, ಎರಡೇ ಏಟಿಗೆ ಅಂಗೈ ಬೊಬ್ಬೆ. ಸಿಂದಿ ಇಳಿಸುವ ಹನುಮಂತಪ್ಪ ಬಂದು ಕೈಮುಗಿದು ನಿಂತಿದ್ದ. ಬೈಯಲಿಲ್ಲ, ಅಳಲಿಲ್ಲ.

"ಗಡಿಗಿ ಇಳಿಸ್ಕೋತೇನಿ, ಆಮ್ಯಾಲ ಕಡೀರಿ. ಸವಣೂರಿಗೆ ಕೊಡೂದೈತ್ರಿ."

ಸವಣೂರಿನಲ್ಲಿ ಯಾವ ಕುಡುಕ ಕಾಯುತ್ತಿದ್ದಾನೋ ಎಂದು ನಾವು ನಕ್ಕೆವು. ಗಡಿಗೆಗಳನ್ನು ಅಲ್ಲೇ ಒಡೆದೆವು. ಮಣ್ಣಿನ ಮೇಲೆ ಬಿಳಿ ನೊರೆ ಬಹಳ ಹೊತ್ತು ಬುಸುಗುಡುತ್ತಿತ್ತು. ಕೂತ ಕೊಂಬೆಯನ್ನೇ ಕಡಿಯುವುದು ಎಂದರೆ ಇದೇ ಅಲ್ಲವೇ? ಆ ಸಾಲು ಹೋದ ಮೇಲೆ ಹನುಮಂತಪ್ಪ ಊರೂರು ಅಲೆದು, ಅಲ್ಲೊಂದು ಇಲ್ಲೊಂದು ಗಿಡದಿಂದ ಖಾದರಸಾಬರಿಗೆ ಒಂದು ಗಡಿಗೆ ಹೊಂದಿಸಿಕೊಡುತ್ತಿದ್ದನಂತೆ. ಕಾಯಿದೆ ಬಂದ ಮೇಲೆ ಅದೂ ನಿಂತಿತು. ಈಗ ಅವನು ರಸ್ತೆಗೆ ಜಲ್ಲಿ ಒಡೆಯುತ್ತಾನೆ.

ಪಾನನಿರೋಧ ತಪ್ಪು ಎಂದು ನಾನು ಬರೆಯುತ್ತಿಲ್ಲ. (ಬರೆದರೆ ಸಂಪಾದಕರು ಅಚ್ಚು ಹಾಕುವುದೂ ಇಲ್ಲ.) ಸಿಂದಿ ಅಂಗಡಿಯ ಮುಂದೆ ಕೂಸು ಎತ್ತಿಕೊಂಡು ಗಂಡನಿಗಾಗಿ ಕಾಯುತ್ತಿದ್ದ ಹೆಂಗಸರನ್ನು ಕಣ್ಣಾರೆ ಕಂಡಿದ್ದೇನೆ. ಅಂಗಡಿ ಮುಚ್ಚಿದ್ದಕ್ಕೆ ನನಗೆ ಇವತ್ತಿಗೂ ಸಂತೋಷವಿದೆ. ಆದರೂ ಹೇಳಿಬಿಡುತ್ತೇನೆ: ಆ ವಾಸನೆ ನನಗೆ ಬೇಕಾಗಿದೆ. ಸಂಜೆ ಶಾಲೆ ಬಿಟ್ಟು ಬರುವಾಗ ಆ ಅಂಗಡಿಯ ತಗಡಿನ ಚಪ್ಪರದಿಂದ ತೇಲಿ ಬರುತ್ತಿದ್ದ ಹುಳಿಗಾಳಿ, ಖಾರ ಹಚ್ಚಿದ ಶೇಂಗಾದ ಘಾಟು, ಒಳಗಿನ ನಗು. ಮೂಗು ಮುಚ್ಚಿಕೊಂಡು ದಾಟುತ್ತಿದ್ದೆ. ಈಗ ಆ ದಾರಿಯಲ್ಲಿ ಮೂಗು ತೆರೆದುಕೊಂಡು ನಡೆದರೂ ಬರೀ ಧೂಳು.

ಮನೆಗೆ ಬಂದೆ. ಹೆಂಡತಿಗೆ ಹೇಗೆ ಹೇಳಲಿ? ಲಿಂಗಪೂಜೆ ಮಾಡದೆ ನೀರೂ ಮುಟ್ಟದವಳು. ಇಷ್ಟು ವರ್ಷ ಸಿಂದಿಯ ರೊಟ್ಟಿ ತಿಂದೆ ಎಂದು ತಿಳಿದರೆ ಇರುವ ಜೀವವನ್ನೂ ಬಿಟ್ಟಾಳು ಎಂದು ಹೆದರಿ, ಮೆಲ್ಲಗೆ ಬಾಯಿಬಿಟ್ಟೆ.

ಅವಳು ಕಣ್ಣನ್ನೂ ತೆರೆಯಲಿಲ್ಲ.

"ನನಗ ಗೊತ್ತಿತ್ತರಿ."

"ಹೆಂಗ?"

"ನನ್ನ ತವರಮನಿ ದುಂಡಸಿ ಅಲ್ಲೇನ್ರಿ? ಸಿಂದಿ ಗಡಿಗಿ ದಿನಾ ನಮ್ಮ ಮನಿ ಮುಂದ ಹಾದು ಹೋಗತಿದ್ದುವು. ಆ ವಾಸನಿ ನನಗ ತಿಳೀದ ಇರತೈತೇನು?"

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವೂ ತಿಂತಿದ್ದಿಲ್ಲ, ನನಗೂ ತಿನ್ನಾಕ ಬಿಡ್ತಿದ್ದಿಲ್ಲ." ಸ್ವಲ್ಪ ಸುಧಾರಿಸಿಕೊಂಡು ಅಂದಳು, "ಜಡ್ಡು ಬಂದಾಗ ಆ ರೊಟ್ಟಿ ತಿಂದ್ರ ಅವ್ವನ ಮನಿಯಾಗ ಮಲಗಿದಂಗ ಆಗತಿತ್ರಿ. ಅಷ್ಟ."

ನಾನು ತಲೆ ತಗ್ಗಿಸಿದೆ. ಬೊಬ್ಬೆ ಎದ್ದ ಅಂಗೈಗೆ ಎಣ್ಣೆ ಹಚ್ಚಿದ್ದವಳೂ ಇವಳೇ.

"ಎಲ್ಲಾ ಕಡದಬಿಟ್ರಿ" ಎಂದಳು. "ಒಂದರ ಬಿಡಬೇಕಿತ್ತರಿ."

ಗೋಡೆಯ ಕಡೆ ಹೊರಳಿ ಮಲಗಿದಳು. ಬಟ್ಟಲಿನ ಹಾಲಿಗೆ ಕೆನೆ ಕಟ್ಟಿತು. ಇವತ್ತಿಗೆ ಆರನೆಯ ದಿನ, ಅವಳ ಹೊಟ್ಟೆಗೆ ಎರಡು ಚಮಚ ಗಂಜಿಗಿಂತ ಹೆಚ್ಚು ಹೋಗಿಲ್ಲ.

ಹಾನಗಲ್ಲ, ಹಿರೇಕೆರೂರ, ಚಿಕ್ಕೇರೂರ ಕಡೆಯ ಓದುಗರೇ, ನನ್ನಂಥ ಶಾಣ್ಯಾ ಮಾಸ್ತರನ ಕೊಡಲಿಗೆ ಸಿಗದ ಈಚಲು ಮರ ನಿಮ್ಮಲ್ಲಿ ಒಂದಾದರೂ ಉಳಿದಿದೆಯೇ?