ಪಂಪಿನ್ಯಾಗ ಗಾಳಿ

ಒಳಗಿನ ಕೂಲರ್ ದೊಡ್ಡದಿದ್ದಷ್ಟೂ ಕಂಪ್ಯೂಟರ್ ತಣ್ಣಗಿರತೈತಿ ಅಂತ ನಾ ತಿಳಕೊಂಡಿದ್ದೆ. ಒಂದಿನ ರಾಯಬಾಗದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕಾಗವಾಡದ ದ್ರಾಕ್ಷಿ ತ್ವಾಟದ ಅಕ್ಕಾರೊಬ್ಬರು ಮಗಳನ್ನ ಕರಕೊಂಡು ಬಂದ್ರು. ಮಗಳು ಮದುವಿ ವಿಡಿಯೋ ಎಡಿಟ್ ಮಾಡ್ತಾಳ. ಪ್ರೊಸೆಸರ್ ಕಾದು ಕಂಪ್ಯೂಟರ್ ನಡುವ ಬಂದ್ ಬೀಳ್ತಿತ್ತು, ಮರುದಿನ ವಿಡಿಯೋ ಕೊಡಬೇಕಿತ್ತು.

ನೀರು ತಿರುಗೂ ಕೂಲರಿನ್ಯಾಗ ನಾ ಮೂರು ಫ್ಯಾನಿನ ದೊಡ್ಡದನ್ನ ಆರಿಸಿದೆ. ಅದರ ನೀರು ತಣ್ಣಗ ಮಾಡೂ ರೇಡಿಯೇಟರ್ ಕ್ಯಾಬಿನೆಟ್ಟಿನ ಮ್ಯಾಲ್ಗಡೆ ಹಿಡಿಲಿಲ್ಲ, ತಳಕ್ಕ ಕೂಡಿಸಿದೆ.

ಚಾಲೂ ಮಾಡಿದ ಕೂಡ್ಲೆ ಒಳಗ ಗುಳುಗುಳು ಸಪ್ಪಳ. ಟೆಂಪರೇಚರ್ ಎಪ್ಪತ್ತಾತು, ಎಂಬತ್ತಾತು, ತೊಂಬತ್ತಾತು. ಮಗಳು ಉಗುರು ಕಚ್ಚಾಕ ಹತ್ತಿದ್ಲು.

"ಹೊಸಾದೈತ್ರಿ, ಸ್ವಲ್ಪ ಹೊತ್ತಿಗೆ ಸರಿಯಾಗತೈತಿ," ಅಂದೆ.

ಅಕ್ಕಾರು ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದ್ರು. "ತಮ್ಮಾ, ಮೊದಲ ಬಂದ್ ಮಾಡು! ಪಂಪ್ ಗಾಳಿ ಹಿಡದೈತಿ. ಎಲ್ಲೈತಿ ಇದರ ಪಂಪು?"

"ಪ್ರೊಸೆಸರ್ ಮ್ಯಾಲೈತ್ರಿ ಅಕ್ಕಾರ."

"ರೇಡಿಯೇಟರ್ ತಳಕ್ಕಿಟ್ಟು ಪಂಪ್ ಮ್ಯಾಲಿಟ್ಟೀದಿ. ಒಳಗಿನ ಗಾಳಿ ಏರಿ ಪಂಪಿನ್ಯಾಗ ಕುಂದರತೈತಿ. ನಮ್ಮ ತ್ವಾಟದಾಗ ಡ್ರಿಪ್ಪಿಗೆ ನೀರು ಎತ್ತೂ ಮೋಟರ್ ಗಾಳಿ ಹಿಡದ್ರ ಹಿಂಗ ಒದರತೈತಿ. ಸಣ್ಣದ ತಗೊಂಡು ಮ್ಯಾಲೆ ಹಾಕು."

ಕಂಪ್ಯೂಟರ್ ಬಂದ್ ಮಾಡಿ, ಎರಡು ಫ್ಯಾನಿನ ಸಣ್ಣ ಕೂಲರ್ ತಂದು ಮ್ಯಾಲ್ಗಡೆ ಬಿಗಿದೆ. ಸಪ್ಪಳ ನಿಂತಿತು, ಟೆಂಪರೇಚರ್ ಅರವತ್ತು ದಾಟಲಿಲ್ಲ.

ಹೋಗೂ ಮುಂದ ಅಕ್ಕಾರು, "ಒಮ್ಮೆ ತ್ವಾಟಕ್ಕ ಬಾ ತಮ್ಮಾ, ಮೋಟರ್ ಕೂಡಸೂದು ಕಲಸ್ತೀನಿ," ಅಂದ್ರು. ನಾ ಚ್ಯಾಷ್ಟಿ ಅಂತ ನಕ್ಕೆ. ಅವರು ಯಾವ ಬಸ್ಸಿಗೆ ಬರಬೇಕು ಅನ್ನೂದನ್ನೂ ಹೇಳಿ ಹೋದ್ರು.